ದರ್ಬೆಯ ಕ್ಲಿನಿಕ್ಕಿನಲ್ಲಿ ಕ್ರೀಡಾ ಫಿಸಿಯೊಥೆರಪಿ ರೆಸಿಡೆನ್ಸಿ ಆದೀತೇ?

ಪ್ರಶ್ನೆ: ನಾನು ದರ್ಬೆಯವನು, ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಮಗಳು ಬಿಪಿಟಿ ಓದಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ಆಟಗಾರರ ಚಿಕಿತ್ಸೆಯಲ್ಲೇ ಮುಂದುವರಿಯಬೇಕೆಂಬ ಆಸೆ ಅವಳದು. ಅಮೆರಿಕದಲ್ಲಿ ಕ್ಲಿನಿಕ್ಕುಗಳೇ ಇದಕ್ಕೆಂದು ಒಂದು ವರ್ಷದ ರೆಸಿಡೆನ್ಸಿ ನಡೆಸುತ್ತವಂತೆ. ಪುತ್ತೂರಿನಂಥ ಊರಿನ ಒಂದು ಕ್ಲಿನಿಕ್ಕಿನಲ್ಲಿ ಅಂಥದ್ದನ್ನು ಕಟ್ಟಲು ಸಾಧ್ಯವೇ? ಏನೇನು ಬೇಕಾದೀತು?

– ಓದುಗರೊಬ್ಬರು, ದರ್ಬೆ, ಪುತ್ತೂರು

ಉತ್ತರ: ಸಾಧ್ಯ ಇದೆ ಮಾಸ್ಟ್ರೆ. ಆದರೆ ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ರೆಸಿಡೆನ್ಸಿಯಲ್ಲಿ ಸಿಗುವ ಕಲಿಕೆಯನ್ನು ದರ್ಬೆಯ ಕ್ಲಿನಿಕ್ ಕೊಡಬಲ್ಲದು. ಮಾನ್ಯತೆಯುಳ್ಳ ಪದವಿಯನ್ನು ಕೊಡಲಾರದು. ಕಲಿಕೆಯ ಮಾತನ್ನು ಮುಂದಿಟ್ಟು, ಪ್ರಮಾಣಪತ್ರದ ಮಾತನ್ನು ಕೊನೆಗೆ ಆಡುತ್ತೇನೆ.

ಅಮೆರಿಕದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅಲ್ಲಿ ಫಿಸಿಕಲ್ ಥೆರಪಿಸ್ಟ್‌ಗಳ ಸಂಘದ ಅಡಿಯಲ್ಲೇ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಮಂಡಳಿಯೊಂದಿದೆ. ಅದರ ನಿಯಮದಂತೆ ಒಂದು ರೆಸಿಡೆನ್ಸಿ ಕನಿಷ್ಠ 1,800 ಗಂಟೆಗಳದ್ದಾಗಿರಬೇಕು. ಅದರಲ್ಲಿ 1,500 ಗಂಟೆ ರೋಗಿಗಳ ಚಿಕಿತ್ಸೆ, 300 ಗಂಟೆ ಓದು, ಚರ್ಚೆ, ಪಾಠ. ಚಿಕಿತ್ಸೆಯ 1,500 ಗಂಟೆಗಳ ಒಳಗೇ 150 ಗಂಟೆ ಒಬ್ಬ ಅನುಭವಿ ಮಾರ್ಗದರ್ಶಕರು ಒಬ್ಬ ಕಲಿಯುವವರ ಪಕ್ಕದಲ್ಲಿ ನಿಂತು ಕಲಿಸಬೇಕು. ವಾರಕ್ಕೆ ಹಂಚಿದರೆ ಲೆಕ್ಕ ಇಷ್ಟೇ: ಮೂವತ್ತು ಗಂಟೆ ಚಿಕಿತ್ಸೆ, ಆರು ಗಂಟೆ ಓದು, ಮೂರು ಗಂಟೆ ಮಾರ್ಗದರ್ಶನ. ಕ್ರೀಡಾ ವಿಭಾಗದ ರೆಸಿಡೆನ್ಸಿಯಾದರೆ ಇದರ ಜೊತೆಗೆ ಮೈದಾನದ ಕೆಲಸವೂ ಕಡ್ಡಾಯ.

ಈ ಪಟ್ಟಿ ನೋಡಿದ ಕ್ಲಿನಿಕ್ಕಿನವರು ಮೊದಲು ಯೋಚಿಸುವುದು ಯಂತ್ರಗಳ ಬಗ್ಗೆ. ಲೇಸರ್ ಬೇಕೇ, ಶಾಕ್‌ವೇವ್ ಬೇಕೇ, ಟ್ರೆಡ್‌ಮಿಲ್ ಎಷ್ಟು ದೊಡ್ಡದಿರಬೇಕು ಎಂದು. ನನ್ನ ಮಟ್ಟಿಗೆ ಇಡೀ ರೆಸಿಡೆನ್ಸಿಯ ಜೀವ ಇರುವುದು ಆ ಮೂರು ಗಂಟೆಯಲ್ಲಿ. ನಮ್ಮ ಕಡೆ ಬಿಪಿಟಿ ಮುಗಿಸಿದ ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿದ ಮರುದಿನವೇ ಒಂಟಿ. ಒಂದು ಕೋಣೆ, ಒಂದು ಮಂಚ, ಸಾಲಾಗಿ ರೋಗಿಗಳು. ಮಾಡಿದ ಪರೀಕ್ಷೆ ಸರಿಯಿತ್ತೇ, ಕೇಳಬೇಕಾದ ಪ್ರಶ್ನೆ ಬಿಟ್ಟುಹೋಯಿತೇ ಎಂದು ಹೇಳುವವರು ಯಾರೂ ಇರುವುದಿಲ್ಲ. ಐದು ವರ್ಷ ಹೀಗೇ ಕಳೆದರೆ ಮೊದಲ ವರ್ಷದ ಅಭ್ಯಾಸವೇ ಗಟ್ಟಿಯಾಗಿ ನಿಲ್ಲುತ್ತದೆ.

ಆ ಮೂರು ಗಂಟೆಯಲ್ಲಿ ಏನು ನಡೆಯಬೇಕು ಎಂಬುದಕ್ಕೆ ಒಂದು ಸಂದರ್ಭ ಕಲ್ಪಿಸಿಕೊಳ್ಳಿ. ಪಿಯುಸಿ ಓದುವ ಕಬಡ್ಡಿ ಹುಡುಗ, ರೈಡರ್. ಎಡ ಮೊಣಗಂಟಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಆಪರೇಷನ್ ಆಗಿ ಆರು ತಿಂಗಳು. ನೋವಿಲ್ಲ, ಊತವಿಲ್ಲ, ಓಡುತ್ತಾನೆ. ಮುಂದಿನ ಶನಿವಾರ ಪಂದ್ಯಾಟ ಇದೆ, ಆಡಬಹುದೇ ಎಂದು ಕೇಳಲು ಅಪ್ಪನೊಡನೆ ಬಂದಿದ್ದಾನೆ. ನಿಮ್ಮ ಮಗಳು ಪರೀಕ್ಷೆ ಮಾಡುತ್ತಾಳೆ, ಮಾರ್ಗದರ್ಶಕರು ಗೋಡೆಗೊರಗಿ ಸುಮ್ಮನೆ ನಿಂತಿರುತ್ತಾರೆ. ನೆಲಕ್ಕೆ ಟೇಪ್ ಅಂಟಿಸಿ ಒಂಟಿಕಾಲಿನಲ್ಲಿ ಕುಪ್ಪಳಿಸಲು ಹೇಳುತ್ತಾಳೆ. ಬಲಗಾಲಿನಲ್ಲಿ 160 ಸೆಂಟಿಮೀಟರ್. ಎಡಗಾಲಿನಲ್ಲಿ 118. ಎಡಗಾಲು ಬಲಗಾಲಿನ ಶೇ. 74ರಷ್ಟೂ ಇಲ್ಲ, ಕನಿಷ್ಠ 90 ಬೇಕು. ಸಂಖ್ಯೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ಎಡಗಾಲಿನಲ್ಲಿ ನೆಲ ಮುಟ್ಟುವಾಗ ಹುಡುಗನ ಮೊಣಗಂಟು ಒಳಮುಖವಾಗಿ ವಾಲುತ್ತದೆ, ಸೊಂಟ ಒಂದು ಕಡೆಗೆ ಜಾರುತ್ತದೆ. ಟೇಪಿನ ಗೆರೆಯ ಮೇಲೇ ಕಣ್ಣಿಟ್ಟಿದ್ದರೆ ಇದು ಕಾಣಿಸುವುದಿಲ್ಲ. ಹುಡುಗ ಹೋದ ಮೇಲೆ ಮಾರ್ಗದರ್ಶಕರು ಕೇಳಬೇಕಾದ ಪ್ರಶ್ನೆ: "ಅವನು ಇಳಿಯುವಾಗ ಏನು ನೋಡಿದೆ?"

ಅದಕ್ಕಿಂತ ಮೊದಲು, ಹುಡುಗ ಇನ್ನೂ ಎದುರಿಗಿರುವಾಗ, ಆಡಬೇಡ ಎಂದು ಹೇಳುವ ಕೆಲಸ ಇದೆ. ಅದನ್ನು ಅವಳೇ ಹೇಳಬೇಕು. ಬರೀ "ಬೇಡ" ಎಂದರೆ ಹುಡುಗ ಆಚೆ ಹೋಗಿ ಮೊಣಗಂಟಿಗೆ ಬೆಲ್ಟ್ ಕಟ್ಟಿಕೊಂಡು ಆಡಿಯೇ ಆಡುತ್ತಾನೆ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಪರೇಷನ್ ಆಗಿ ಒಂಬತ್ತು ತಿಂಗಳು ತುಂಬುವವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮೊಣಗಂಟಿಗೆ ಮತ್ತೆ ಪೆಟ್ಟಾಗುವ ಸಂಭವ ಅರ್ಧದಷ್ಟು ಇಳಿಯುತ್ತದೆ. ಶಕ್ತಿ ಮತ್ತು ಕುಪ್ಪಳಿಕೆಯ ಪರೀಕ್ಷೆಗಳಲ್ಲಿ ಪಾಸಾಗದೆ ಆಡಿದವರಲ್ಲಿ ಶೇ. 38 ಮಂದಿಗೆ ಮತ್ತೆ ಪೆಟ್ಟಾಗಿತ್ತು, ಪಾಸಾಗಿ ಆಡಿದವರಲ್ಲಿ ಶೇ. 6ಕ್ಕಿಂತ ಕಡಿಮೆ. ಈ ಲೆಕ್ಕವನ್ನು ತೋಟದ ಕೆಲಸ ಬಿಟ್ಟು ಬಂದಿರುವ ಅಪ್ಪನಿಗೆ ತುಳುವಿನಲ್ಲೋ ಕನ್ನಡದಲ್ಲೋ ಅರ್ಥವಾಗುವಂತೆ ಹೇಳಿ, ಮುಂದಿನ ಮೂರು ತಿಂಗಳಿಗೆ ವಾರವಾರದ ವ್ಯಾಯಾಮ ಬರೆದುಕೊಟ್ಟು, ತಂಡದ ಕೋಚ್‌ಗೆ ಫೋನ್ ಮಾಡಿ ತಿಳಿಸುವುದು ಚಿಕಿತ್ಸೆಯ ಭಾಗವೇ. ಪುಸ್ತಕದಲ್ಲಿ ಇದಕ್ಕೆ ಪಾಠವಿಲ್ಲ. ಹೇಳುವುದನ್ನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡು, ಆಮೇಲೆ ತಿದ್ದುವವರು ಬೇಕು.

ದೊಡ್ಡ ಆಟಗಾರರಿಗೆ ಇದೆಲ್ಲ ತಾನಾಗಿ ಸಿಗುತ್ತದೆ. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 2023ರ ಮೇ 1ರಂದು ಲಖನೌದಲ್ಲಿ ಫೀಲ್ಡಿಂಗ್ ಮಾಡುವಾಗ ತೊಡೆಗೆ ಪೆಟ್ಟು ಮಾಡಿಕೊಂಡರು. ಶಸ್ತ್ರಚಿಕಿತ್ಸೆಯಾಯಿತು, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ ನಡೆಯಿತು. ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್‌ಗೆ ಮರಳಿ ಕೊಲಂಬೊದಲ್ಲಿ ಪಾಕಿಸ್ತಾನದ ಎದುರು ಔಟಾಗದೆ 111 ಹೊಡೆದರು. ಆ ನಾಲ್ಕು ತಿಂಗಳು ಪ್ರತಿ ದಿನ ಅವರ ಕಾಲನ್ನು ನೋಡುವವರು ಇದ್ದರು. ಸವಣೂರಿನ ಅಥವಾ ಬೆಳ್ಳಾರೆಯ ಕಬಡ್ಡಿ ಹುಡುಗನಿಗೆ ಅದರ ಹತ್ತರಲ್ಲಿ ಒಂದು ಪಾಲಾದರೂ ಸಿಗಬೇಕಾದರೆ ಈ ಕೆಲಸ ಬಲ್ಲವರು ಪುತ್ತೂರಿನಲ್ಲೇ ತಯಾರಾಗಬೇಕು.

ಪುತ್ತೂರಿನಲ್ಲಿ ಕಲಿಯಲು ಬೇಕಾದಷ್ಟು ಆಟ ಇದೆಯೇ ಎಂಬ ಅನುಮಾನ ನಿಮಗಂತೂ ಇರಲಾರದು. ದರ್ಬೆಯಲ್ಲೇ 1958ರಿಂದ ನಡೆದುಬಂದ ಸಂತ ಫಿಲೋಮಿನಾ ಕಾಲೇಜಿದೆ, ನೆಹರುನಗರದಲ್ಲಿ ವಿವೇಕಾನಂದ ಕಾಲೇಜು, ಕೊಂಬೆಟ್ಟಿನಲ್ಲಿ ತಾಲೂಕು ಕ್ರೀಡಾಂಗಣ. ಸುಳ್ಯ, ಸವಣೂರು, ಕಾಣಿಯೂರು ಕಡೆಯ ಬಸ್ಸುಗಳು ದರ್ಬೆ ದಾಟಿಯೇ ಹೋಗುವುದರಿಂದ ಮೂರು ತಾಲೂಕಿನ ಆಟಗಾರರಿಗೆ ಬಂದು ಹೋಗಲು ಸುಲಭ. ಪ್ರೊ ಕಬಡ್ಡಿಯ ಎಂಟನೇ ಸೀಸನ್‌ನಲ್ಲಿ ಪಟ್ನಾ ಪೈರೇಟ್ಸ್ ತಂಡವನ್ನು ಫೈನಲ್‌ಗೆ ಒಯ್ದು, 2022ರ ಫೆಬ್ರವರಿಯಲ್ಲಿ ಒಂದೇ ಒಂದು ಅಂಕದಿಂದ ಕಪ್ ಕಳೆದುಕೊಂಡ ನಾಯಕ ಪ್ರಶಾಂತ್ ಕುಮಾರ್ ರೈ ಪುತ್ತೂರಿನವರೇ. ವಾಲಿಬಾಲ್, ತ್ರೋಬಾಲ್, ಹಗ್ಗಜಗ್ಗಾಟ, ಅಂಡರ್ ಆರ್ಮ್ ಕ್ರಿಕೆಟ್, ಆಟಿ ತಿಂಗಳಲ್ಲಿ ಕೆಸರುಗದ್ದೆ, ಮಹಾಲಿಂಗೇಶ್ವರ ದೇವಸ್ಥಾನದ ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ. ಕಂಬಳದ ಓಟಗಾರರ ತೊಡೆಯ ಹಿಂಭಾಗದ ಸ್ನಾಯುವಿನ ಮೇಲೆ ಬೀಳುವ ಭಾರವನ್ನು ಯಾವ ವಿದೇಶಿ ಪಠ್ಯವೂ ವಿವರಿಸುವುದಿಲ್ಲ. 2020ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಅವರನ್ನು ಬೋಲ್ಟ್‌ಗೆ ಹೋಲಿಸಿತು. ಕೆಸರಿನಲ್ಲಿ, ಕೋಣಗಳ ಎಳೆತಕ್ಕೆ ಸಿಕ್ಕಿ ಓಡುವ ಆ ದೇಹದ ಚಲನೆಯನ್ನು ಕೂತು ಅಭ್ಯಾಸ ಮಾಡುವುದು ದರ್ಬೆಯ ರೆಸಿಡೆನ್ಸಿಗೆ ಹೇಳಿಮಾಡಿಸಿದ ಕೆಲಸ.

ಇಲ್ಲೊಂದು ಮಾತು ಸೇರಿಸುತ್ತೇನೆ. ಮೂಳೆ ಮುರಿದರೆ "ಪುತ್ತೂರು ಕಟ್ಟು" ಎಂದು ದಕ್ಷಿಣ ಭಾರತವೆಲ್ಲ ಹೇಳುವ ಪುತ್ತೂರು ನಮ್ಮದಲ್ಲ, ಆಂಧ್ರದ್ದು. ಆದರೂ ನಾಟಿ ಕಟ್ಟಿಗೆ, ಎಣ್ಣೆ ತಿಕ್ಕುವವರಲ್ಲಿಗೆ ಹೋಗಿ ಬಂದೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವ ಆಟಗಾರರು ನಮ್ಮಲ್ಲೂ ಬೇಕಾದಷ್ಟು. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಪೆಟ್ಟಾಗಿ ಎಷ್ಟು ದಿನವಾಯಿತು, ಆ ದಿನಗಳಲ್ಲಿ ಏನೇನು ಮಾಡಿಸಿಕೊಂಡಿರಿ ಎಂದು ಸಮಾಧಾನದಿಂದ ಕೇಳಿ ಬರೆದಿಟ್ಟುಕೊಳ್ಳುವುದನ್ನು ಕಲಿಯಬೇಕು. ಆ ಉತ್ತರದಲ್ಲಿಯೇ ಅರ್ಧ ರೋಗನಿರ್ಣಯ ಇರುತ್ತದೆ.

ಮೈದಾನದ ಕೆಲಸಕ್ಕೆ ಬರುತ್ತೇನೆ. ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ನಿಮಗೆ ಗೊತ್ತಿರುವುದೇ. ರಾತ್ರಿ ಒಂದು ಗಂಟೆ, ಮೈಕಿನಲ್ಲಿ ವೀಕ್ಷಕ ವಿವರಣೆ, ಅಂಕಣದ ಸುತ್ತ ಜನ. ಪೆಟ್ಟಾದವನ ಮೇಲೆ ಯಾರೋ ಸ್ಪ್ರೇ ಹೊಡೆಯುತ್ತಾರೆ, ಯಾರೋ ತಲೆಗೆ ನೀರು ಸುರಿದು "ಏಳು ಮಾರಾಯ" ಎನ್ನುತ್ತಾರೆ. ಅಂಥಲ್ಲಿ ಕೂತ ಫಿಸಿಯೊಥೆರಪಿಸ್ಟ್‌ಗೆ ತೀರ್ಮಾನಿಸಲು ಸಿಗುವುದು ಒಂದೆರಡು ನಿಮಿಷ. ಪಾದದ ಗಂಟು ತಿರುಚಿದೆ ಎನ್ನಿ. ಎಕ್ಸ್‌ರೇ ಬೇಕೇ ಬೇಡವೇ ಎಂದು ನಿರ್ಧರಿಸಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಕೊಟ್ಟ ಸರಳ ಕ್ರಮವಿದೆ. ಗಂಟಿನ ಎರಡೂ ಬದಿಯ ಎಲುಬಿನ ಹಿಂಭಾಗದ ಅಂಚನ್ನು ಕೆಳಗಿನಿಂದ ಆರು ಸೆಂಟಿಮೀಟರ್‌ವರೆಗೆ ಒತ್ತಿ ನೋಡಬೇಕು, ಪಾದದ ಹೊರಬದಿ ಒಳಬದಿಯ ಎರಡು ಎಲುಬುಗಳನ್ನೂ ಒತ್ತಿ ನೋಡಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ಎಲುಬಿನ ಮೇಲೆಯೇ ನೋವಿದ್ದರೆ ಅಥವಾ ನಾಲ್ಕು ಹೆಜ್ಜೆ ಆಗದಿದ್ದರೆ ಎಕ್ಸ್‌ರೇ. ಇದಕ್ಕೆ ಬೇಕಾದದ್ದು ಹೆಬ್ಬೆರಳು ಮತ್ತು ಗದ್ದಲದ ನಡುವೆಯೂ ಕೆಡದ ಗಮನ, ಅಷ್ಟೇ.

ತಲೆಗೆ ಪೆಟ್ಟಾದಾಗ ಇನ್ನೂ ಕಷ್ಟ. ಡಿಫೆಂಡರ್‌ನ ಮೊಣಗಂಟು ರೈಡರ್‌ನ ತಲೆಗೆ ಬಡಿದು ಅವನು ಕ್ಷಣಹೊತ್ತು ಮಂಕಾದರೂ ಸಾಕು, ಮಿದುಳಿಗೆ ಆಘಾತವಾಗಿರಬಹುದೆಂದು ಸಂಶಯ ಬಂದರೆ ಆ ದಿನ ಅವನು ಮತ್ತೆ ಅಂಕಣಕ್ಕೆ ಇಳಿಯಬಾರದು. ಇದು ಜಗತ್ತಿನಾದ್ಯಂತ ಒಪ್ಪಿದ ನಿಯಮ. ಸೆಮಿಫೈನಲ್‌ನಲ್ಲಿ ಅಂಕ ಸಮನಾಗಿರುವಾಗ ಸಂಘಟಕರ, ತಂಡದವರ, ಆಟಗಾರನದೇ ಒತ್ತಾಯವನ್ನು ತಡೆದು ನಿಲ್ಲುವುದು ಇಪ್ಪತ್ತಮೂರು ವಯಸ್ಸಿನ ಒಬ್ಬಳಿಗೆ ಸಣ್ಣ ಮಾತಲ್ಲ. ಆದ್ದರಿಂದ ಮೊದಲ ಕೆಲವು ಪಂದ್ಯಾಟಗಳಿಗೆ ಮಾರ್ಗದರ್ಶಕರೂ ಜೊತೆಗೆ ಹೋಗಲೇಬೇಕು. ಆಟ ಶುರುವಾಗುವ ಮೊದಲೇ ಸಂಘಟಕರೊಡನೆ ಕೂತು ಎಲ್ಲವನ್ನೂ ಕಾಗದದಲ್ಲಿ ಬರೆದಿಡಬೇಕು: 108ಕ್ಕೆ ಫೋನ್ ಮಾಡುವವರು ಯಾರು, ಆಂಬುಲೆನ್ಸ್ ಒಳಬರುವ ದಾರಿಗೆ ಅಡ್ಡ ಬೈಕ್ ನಿಲ್ಲಿಸದಂತೆ ನೋಡುವವರು ಯಾರು, ರಾತ್ರಿ ಹೊತ್ತು ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದು. ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್ ತರಬೇತಿ ರೆಸಿಡೆನ್ಸಿಯ ಮೊದಲ ವಾರವೇ ಆಗಬೇಕು. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಖೆಯಲ್ಲಿ ಹಗಲು ಪಂದ್ಯವಾದರೆ ಬಿಸಿಲಾಘಾತಕ್ಕೂ ಸಿದ್ಧರಿರಬೇಕು. ಆಗ ಮೊದಲು ತಣ್ಣೀರಿನಿಂದ ಮೈ ತಂಪು ಮಾಡಬೇಕು, ಆಸ್ಪತ್ರೆಗೆ ಸಾಗಿಸುವುದು ಅದರ ನಂತರ.

ನಮ್ಮ ಮಳೆಗಾಲ ಈ ಕಲಿಕೆಗೆ ಒಳ್ಳೆಯ ವೇಳಾಪಟ್ಟಿಯನ್ನೇ ಹಾಕಿಕೊಟ್ಟಿದೆ. ಜೂನ್‌ನಲ್ಲಿ ಶುರು ಮಾಡಿದರೆ ಬಯಲಿನ ಪಂದ್ಯಾಟಗಳಿಲ್ಲದ ಆ ತಿಂಗಳುಗಳು ಓದಿಗೆ, ಪರೀಕ್ಷಾ ವಿಧಾನಗಳಿಗೆ, ಕಳೆದ ಸೀಸನ್‌ನ ಹಳೆಯ ನೋವು ಹೊತ್ತು ಬರುವವರ ಚಿಕಿತ್ಸೆಗೆ ಸಿಗುತ್ತವೆ. ಅದರ ಬೆನ್ನಿಗೇ ಶಾಲಾ ಕಾಲೇಜುಗಳ ವಲಯ, ತಾಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳು. ದೀಪಾವಳಿ ಕಳೆದ ಮೇಲೆ ಯುವಕ ಮಂಡಲಗಳ ಪಂದ್ಯಾಟಗಳು ಮತ್ತು ಕಂಬಳ. ಬೇಸಿಗೆಯಲ್ಲಿ ಶಿಬಿರಗಳು ನಡೆಯುವಾಗ ಗಾಯ ತಡೆಯುವ ಕೆಲಸಕ್ಕೆ ಕೈಹಾಕಬಹುದು. ಫುಟ್‌ಬಾಲ್‌ಗೆಂದು ಫಿಫಾ ರೂಪಿಸಿದ ಇಪ್ಪತ್ತು ನಿಮಿಷದ ವಾರ್ಮ್ ಅಪ್ ಕ್ರಮವನ್ನು ನಾರ್ವೆಯ ಹುಡುಗಿಯರ ತಂಡಗಳಲ್ಲಿ ಪರೀಕ್ಷಿಸಿದಾಗ ಗಾಯಗಳು ಮೂರನೇ ಒಂದರಷ್ಟು ಕಡಿಮೆಯಾದವು ಎಂದು 2008ರಲ್ಲಿ ವರದಿಯಾಯಿತು. ಅದನ್ನು ಕಬಡ್ಡಿಗೆ ಹೊಂದಿಸಿ ಎರಡು ಮೂರು ಶಾಲೆಗಳಲ್ಲಿ ಒಂದು ಸೀಸನ್ ನಡೆಸಿ, ಯಾರಿಗೆ, ಯಾವಾಗ, ಎಲ್ಲಿ ಪೆಟ್ಟಾಯಿತು ಎಂದು ಪುಸ್ತಕದಲ್ಲಿ ಬರೆದಿಟ್ಟರೆ ಅದೇ ಆ ವರ್ಷದ ಅಧ್ಯಯನ. ನಿಮ್ಮಂಥ ಮಾಸ್ಟ್ರುಗಳ ಸಹಕಾರವಿಲ್ಲದೆ ಇದು ಆಗುವ ಕೆಲಸವಲ್ಲ.

ಪಾಠದ ಪಟ್ಟಿಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಕ್ರೀಡಾ ಫಿಸಿಯೊಥೆರಪಿಸ್ಟ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ ಒಪ್ಪಿರುವ ಹನ್ನೊಂದು ಸಾಮರ್ಥ್ಯಗಳ ಪಟ್ಟಿ ಇದೆ. ಗಾಯ ತಡೆಯುವುದರಿಂದ ಹಿಡಿದು ಸಂಶೋಧನೆಯವರೆಗೆ. ಅದನ್ನು ಹಿಡಿದು ತಿಂಗಳಿಗೊಂದರಂತೆ ಹಂಚಿಕೊಳ್ಳಬಹುದು. ನಮ್ಮಲ್ಲಿ ಹೆಚ್ಚು ಒತ್ತು ಬೇಕಾದ ವಿಷಯಗಳು ಎರಡು ಎಂದು ನನಗನಿಸುತ್ತದೆ. ಮೊದಲನೆಯದು ಹುಡುಗಿಯರ ಆಟ. ದಿಕ್ಕು ಬದಲಿಸಿ ಓಡುವ, ನೆಗೆದು ಇಳಿಯುವ ಆಟಗಳಲ್ಲಿ ಎಸಿಎಲ್ ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಮುಟ್ಟಿನ ವಿಷಯವನ್ನೋ ತೊಡೆಸಂದಿನ ನೋವನ್ನೋ ಅವರು ಗಂಡಸರೆದುರು ಹೇಳಿಕೊಳ್ಳುವುದಿಲ್ಲ. ನಿಮ್ಮ ಮಗಳಂಥವರು ಈ ಕ್ಷೇತ್ರಕ್ಕೆ ಬರಬೇಕಾದ ಕಾರಣಗಳಲ್ಲಿ ಇದು ದೊಡ್ಡದು. ಎರಡನೆಯದು ಮಾತ್ರೆ ಮತ್ತು ಪುಡಿ. ನೋವಿನ ಮಾತ್ರೆ ನುಂಗಿ ಆಡುವುದು, ಯಾವುದೋ ಡಬ್ಬಿಯ ಪುಡಿ ತಿನ್ನುವುದು ಜಿಲ್ಲಾ ಮಟ್ಟದಲ್ಲೇ ಶುರುವಾಗಿಬಿಡುತ್ತದೆ. ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋದಾಗ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ "ಗೊತ್ತಿರಲಿಲ್ಲ" ಎಂದು ಹೇಳಿ ಪಾರಾಗಲು ಆಗುವುದಿಲ್ಲ.

ಖರ್ಚಿನ ಮಾತು. ಮಾರ್ಗದರ್ಶಕರು ವಾರಕ್ಕೆ ಮೂರು ಗಂಟೆ ತಮ್ಮ ರೋಗಿಗಳನ್ನು ಬಿಟ್ಟು ಕಲಿಸಬೇಕು. ಆ ಹೊತ್ತಿನಲ್ಲಿ ನಾಲ್ಕು ರೋಗಿಗಳು, ತಲಾ 400 ರೂಪಾಯಿ ಎಂದಿಟ್ಟುಕೊಳ್ಳಿ. ವಾರಕ್ಕೆ 1,600, ವರ್ಷಕ್ಕೆ ಸುಮಾರು 80,000 ರೂಪಾಯಿ. ಕ್ಲಿನಿಕ್ಕಿಗೆ ಬೀಳುವ ನಿಜವಾದ ವೆಚ್ಚ ಇದು. ಅಳತೆ ಟೇಪ್, ಮೆಟ್ಟಿಲ ಪೆಟ್ಟಿಗೆ, ತೂಕಗಳು, ಸ್ನಾಯುಬಲ ಅಳೆಯುವ ಕೈಮಾಪಕ, ಫೋನಿನಲ್ಲಿ ನಿಧಾನಗತಿಯ ವಿಡಿಯೊ ಇಷ್ಟಿದ್ದರೆ ಶುರುಮಾಡಲು ಸಾಕು. ಕಲಿಯುವವರು ವಾರಕ್ಕೆ ಮೂವತ್ತು ಗಂಟೆ ಚಿಕಿತ್ಸೆ ಮಾಡಿ ಕ್ಲಿನಿಕ್ಕಿಗೆ ಆದಾಯ ತರುತ್ತಾರಾದ್ದರಿಂದ ಅವರಿಗೆ ಸಂಬಳ ಕೊಡಬೇಕು. ಅಮೆರಿಕದಲ್ಲೂ ರೆಸಿಡೆಂಟ್‌ಗಳಿಗೆ ಪೂರ್ಣಾವಧಿ ಉದ್ಯೋಗಿಗಿಂತ ಕಡಿಮೆಯಾದರೂ ಸಂಬಳ ಕೊಡುವುದೇ ರೂಢಿ. ಹೊಸಬರಿಂದ ಶುಲ್ಕ ತೆಗೆದುಕೊಂಡು, ಅವರಿಂದಲೇ ದುಡಿಸಿಕೊಂಡು, ಗೋಡೆಗೆ ತೂಗುಹಾಕುವ ಕಾಗದ ಕೊಡುವುದಾದರೆ ಅದನ್ನು ತರಬೇತಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಯುವಕ ಮಂಡಲಗಳೂ ಒಂದು ಮಾತು ಯೋಚಿಸಲಿ. ಟ್ರೋಫಿಗೆ, ಶಾಮಿಯಾನಕ್ಕೆ, ಧ್ವನಿವರ್ಧಕಕ್ಕೆ ಹಣ ಎತ್ತಿಡುವಂತೆ ಅಂಕಣದ ಬದಿಯಲ್ಲಿ ಕೂರುವ ಫಿಸಿಯೊಥೆರಪಿಸ್ಟ್‌ಗೂ ಬಜೆಟ್ಟಿನಲ್ಲಿ ಒಂದು ಸಾಲು ಇರಲಿ.

ಇನ್ನು ಕಾನೂನು, ಪ್ರಮಾಣಪತ್ರ. ಫಿಸಿಯೊಥೆರಪಿ ಈಗ 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯಪಾಲನಾ ವೃತ್ತಿಗಳ ಆಯೋಗ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಮಾನ್ಯ ಕೋರ್ಸ್ ಆರಂಭಿಸಲು ಅದರಡಿ ಅನುಮತಿ ಬೇಕು. ಎಂಪಿಟಿ ಎಂಬ ಸ್ನಾತಕೋತ್ತರ ಪದವಿ ಕೊಡುವುದು ವಿಶ್ವವಿದ್ಯಾಲಯ. ಆದ್ದರಿಂದ ಕ್ಲಿನಿಕ್ ತನ್ನ ಕಾರ್ಯಕ್ರಮವನ್ನು ಒಂದು ವರ್ಷದ ಮಾರ್ಗದರ್ಶಿತ ಉದ್ಯೋಗ ತರಬೇತಿ ಎಂದೇ ಹೇಳಬೇಕು. ವರ್ಷದ ಕೊನೆಗೆ ಎಷ್ಟು ಗಂಟೆ ಚಿಕಿತ್ಸೆ, ಎಷ್ಟು ಗಂಟೆ ಮಾರ್ಗದರ್ಶನ, ಯಾವ ಪಂದ್ಯಾಟಗಳು, ಯಾವ ಬಗೆಯ ಗಾಯಗಳು ಎಂಬ ವಿವರವಿರುವ ಸಹಿ ಮಾಡಿದ ದಾಖಲೆ ಕೊಡಬೇಕು. ಮುಂದೆ ಯಾವುದೇ ತಂಡಕ್ಕೋ ಅಕಾಡೆಮಿಗೋ ಅರ್ಜಿ ಹಾಕುವಾಗ ಬಣ್ಣದ ಸರ್ಟಿಫಿಕೇಟಿಗಿಂತ ಈ ಲೆಕ್ಕದ ಪುಸ್ತಕಕ್ಕೆ ಬೆಲೆ ಹೆಚ್ಚು. ಕ್ಲಿನಿಕ್ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿಯಾಗಿರಬೇಕೆಂಬುದು ಬೇರೆ ಮಾತು. ಅದು ರೆಸಿಡೆನ್ಸಿ ಇದ್ದರೂ ಇಲ್ಲದಿದ್ದರೂ ಬೇಕಾದದ್ದೇ.

ಒಂದು ಕ್ಲಿನಿಕ್ ಎಲ್ಲವನ್ನೂ ಕಲಿಸಲಾರದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಎಸಿಎಲ್ ಆಪರೇಷನ್ ಹೇಗೆ ನಡೆಯುತ್ತದೆಂದು ಕಣ್ಣಾರೆ ನೋಡಲು ಸುಳ್ಯದ ಅಥವಾ ಮಂಗಳೂರಿನ ವೈದ್ಯಕೀಯ ಕಾಲೇಜಿನ ಮೂಳೆ ವಿಭಾಗವನ್ನು ಕೇಳಿಕೊಳ್ಳಬೇಕು. ಓಟಗಾರರು, ಎಸೆತಗಾರರನ್ನು ಒಟ್ಟಿಗೆ ನೋಡಬೇಕಾದರೆ ಅವರು ತರಬೇತಿ ಪಡೆಯುವ ಮೂಡುಬಿದಿರೆ ಹತ್ತಿರದಲ್ಲೇ ಇದೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಕಡೆ ಕೆಲವು ವಾರ ಇದ್ದು ಬರಲು ಅವಕಾಶ ಕೇಳಬಹುದು. ಮಗಳಿಗೆ ಮುಂದೆ ಪಾಠ ಹೇಳುವ, ಸಂಶೋಧನೆ ಮಾಡುವ ಮನಸ್ಸಿದ್ದರೆ ಎಂಪಿಟಿ ಬೇಕೇ ಬೇಕು. ಈ ಒಂದು ವರ್ಷ ಅದಕ್ಕೆ ಮೊದಲು ಆದರೂ ಸರಿ, ನಂತರ ಆದರೂ ಸರಿ. ಮೊದಲೇ ಆದರೆ ಎಂಪಿಟಿಯಲ್ಲಿ ಯಾವ ಪ್ರಶ್ನೆಯ ಬೆನ್ನು ಹತ್ತಬೇಕೆಂಬುದು ಅವಳಿಗೆ ಆಗಲೇ ಗೊತ್ತಿರುತ್ತದೆ.

ಊರಿನ ಯಾವ ಕ್ಲಿನಿಕ್ಕಿನವರೊಡನೆ ಮಾತಾಡಲು ಹೋದರೂ ಅವಳು ನೇರವಾಗಿ ಕೇಳಲಿ: ವಾರದ ಯಾವ ದಿನ, ಎಷ್ಟು ಹೊತ್ತು ನನ್ನ ಪಕ್ಕ ನಿಲ್ಲುತ್ತೀರಿ? ಪಂದ್ಯಾಟಕ್ಕೆ ಹೋದಾಗ ನಾನು ಬೇಡ ಎಂದರೆ ನೀವು ನನ್ನ ಮಾತಿಗೆ ನಿಲ್ಲುತ್ತೀರಾ? ನಿಮ್ಮದೇ ಕೆಲಸವನ್ನು ಮೊದಲು ಯಾರಾದರೂ ಹೀಗೆ ನೋಡಿ ತಿದ್ದಿದ್ದಾರಾ? ಮೊದಲ ಪ್ರಶ್ನೆಗೆ ದಿನ ಮತ್ತು ಗಂಟೆ ಹೇಳಿ ಉತ್ತರಿಸುವವರು ಸಿಕ್ಕರೆ ಉಳಿದದ್ದನ್ನು ಕೂತು ಮಾತಾಡಬಹುದು. ಜೂನ್‌ಗೆ ಶುರುವಾಗಬೇಕಾದರೆ ಈ ಮಾತುಕತೆ ಮಾರ್ಚ್ ಒಳಗೆ ಮುಗಿಯಲಿ. ಹೋಗುವಾಗ ತಾಲೂಕಿನ ಕ್ರೀಡಾಕೂಟ, ಪಂದ್ಯಾಟಗಳ ಪಟ್ಟಿಯನ್ನು ನೀವೇ ಮಾಡಿ ಅವಳ ಕೈಯಲ್ಲಿ ಕೊಟ್ಟು ಕಳುಹಿಸಿ.